ರಕ್ತ ಹರಿಯದ ಜಾಗ

ಬೀರಮ್ಮನಿಗೆ ನಲವತ್ತೇಳು ವರ್ಷ ಎಂದು ಯಂತ್ರ ಹೇಳಿತು. ಬೀರಮ್ಮನ ಮಗನಿಗೆ ನಲವತ್ತಾರು. ಯಂತ್ರವನ್ನು ನಂಬುವುದಾದರೆ ಆಕೆ ತೊಟ್ಟಿಲಲ್ಲಿ ಮಲಗಿಕೊಂಡೇ ಮಗನನ್ನು ಹೆತ್ತಿರಬೇಕು. ನಂಬದೆ ಗತಿಯಿರಲಿಲ್ಲ, ಕಾನೂನು ಹಾಗಿತ್ತು.

ಯಂತ್ರದ ಮುಂದೆ ಕುಳಿತಿದ್ದವಳು ಬೀರಮ್ಮನ ಸೊಸೆ ನೇತ್ರಾವತಿ. ಜೀವರಸಾಯನ ಓದಿ, ಅಘನಾಶಿನಿಯ ಅಳಿವೆಯ ಪಕ್ಕದ ಗಜನಿಪೇಟೆಯಲ್ಲಿ ರಕ್ತವಯಸ್ಸು ಕೇಂದ್ರದ ಮುಖ್ಯಸ್ಥೆಯಾಗಿದ್ದಳು. ಪರದೆಯ ಮೇಲಿನ ಅಂಕಿ ನೋಡಿ ಅವಳಿಗೆ ಮೊದಲು ನಗು ಬಂತು. ಆ ನಗುವಿಗಾಗಿ ಆಮೇಲೆ ಅವಳು ತನ್ನನ್ನು ತಾನೇ ಎಷ್ಟು ಬೈದುಕೊಂಡಳೋ ಲೆಕ್ಕವಿಲ್ಲ.

"ಎಂತ ಹೇಳ್ತು ನಿನ್ನ ಯಂತ್ರ?" ಬೀರಮ್ಮ ಬೆರಳಿನ ಹತ್ತಿಯನ್ನು ಒತ್ತಿ ಹಿಡಿದುಕೊಂಡು ಕೇಳಿದಳು.

"ನಲವತ್ತೇಳು ಅತ್ತೆ."

"ಹಂಗಾದ್ರೆ ನಿನ್ನ ಮಾವ ಇದ್ದಿದ್ರೆ ಇನ್ನೊಂದು ಹೆರೂಕಾಗ್ತಿತ್ತು," ಎಂದು ಬೀರಮ್ಮ ಕಿಸಕ್ಕನೆ ನಕ್ಕಳು. ಬಾಗಿಲ ಹೊರಗೆ ಸರದಿಯಲ್ಲಿ ಕುಳಿತಿದ್ದ ಮೂವತ್ತು ಹೆಂಗಸರೂ ನಕ್ಕರು. ನಕ್ಕ ಮೇಲೆ ಬೀರಮ್ಮ ಗೋಡೆ ಹಿಡಿದು, ಕುರ್ಚಿ ಹಿಡಿದು, ಸೊಸೆಯ ಭುಜ ಹಿಡಿದು ಎದ್ದು ನಿಂತಳು. ನಿಲ್ಲುವುದಕ್ಕೆ ಅವಳಿಗೆ ಅಷ್ಟೆಲ್ಲ ಬೇಕಾಗುತ್ತಿತ್ತು.

ಐವತ್ತು ವರ್ಷ ಬೀರಮ್ಮ ಹೊಳೆಯಲ್ಲಿ ಬಳಚು ಹೆಕ್ಕಿದವಳು. ಬಳಚು ಎಂದರೆ ಅಳಿವೆಯ ಕೆಸರಿನಲ್ಲಿ ಸಿಗುವ ಚಿಪ್ಪುಮೀನು. ನೀರು ಇಳಿದಾಗ ಸೊಂಟಮಟ್ಟದ ನೀರಿನಲ್ಲಿ ನಿಂತು, ಕಾಲಿನಲ್ಲಿ ತಡವಿ, ಕುಕ್ಕರುಗಾಲಿನಲ್ಲಿ ಕುಳಿತು ಕೈಯಲ್ಲಿ ಕೆದಕಿ ತೆಗೆಯಬೇಕು. ಬುಟ್ಟಿ ತುಂಬಿದರೆ ತಲೆಯ ಮೇಲೆ ಹೊತ್ತು ದಂಡೆ ಏರಬೇಕು. ಆ ಕೆಲಸ ಎರಡೂ ಮೊಣಕಾಲುಗಳನ್ನು ತಿಂದು ಹಾಕಿತ್ತು. ಈಗ ಮನೆಯೊಳಗೆ ಅವಳು ಕುಂಡೆಯ ಮೇಲೆ ಜರುಗುತ್ತಿದ್ದಳು, ಹಿತ್ತಲಿಗೆ ಹೋಗಬೇಕಾದರೂ ಯಾರಾದರೂ ಹಿಡಿದುಕೊಳ್ಳಬೇಕಿತ್ತು. ಮಂಡಿಗೆ ಎರಡು ಹೊಸ ಕೀಲು ಕೂತರೆ ತನ್ನ ಕಾಲ ಮೇಲೆ ಹಿತ್ತಲಿಗೆ ಹೋಗಿ ಬರಬಹುದು ಎಂಬುದಷ್ಟೇ ಅವಳ ಆಸೆ. ಸರ್ಕಾರ ಈ ವರ್ಷದಿಂದ ಕೀಲನ್ನು ಪುಕ್ಕಟೆ ಹಾಕಿಸತೊಡಗಿತ್ತು, ಆದರೆ ಅದಕ್ಕೆ ರಕ್ತವಯಸ್ಸು ಅರವತ್ತು ದಾಟಿರಬೇಕು.

ಈ ರಕ್ತವಯಸ್ಸು ಎಂಬುದು ಎಲ್ಲಿಂದ ಬಂತು ಎಂದರೆ, ಒಳ್ಳೆಯ ಮನಸ್ಸಿನಿಂದಲೇ ಬಂತು. ಹೊಳೆಸಾಲಿನ ಅರ್ಧ ಹೆಂಗಸರು ಕಾಗದದ ಪ್ರಕಾರ ಜನವರಿ ಒಂದನೇ ತಾರೀಖು ಹುಟ್ಟಿದವರು. ಹುಟ್ಟಿದ ದಿನ ಗೊತ್ತಿಲ್ಲ ಎಂದವರಿಗೆಲ್ಲ ಕಚೇರಿಯಲ್ಲಿ ಕುಳಿತವರು ಆ ತಾರೀಖನ್ನೇ ಹಾಕಿ ಕಳಿಸಿದ್ದರು. ವರ್ಷವನ್ನು ಮುಖ ನೋಡಿ ಬರೆದಿದ್ದರು. ಆಮೇಲೆ ಅದೇ ಕಚೇರಿಗಳು ಆ ಕಾಗದವನ್ನು ಅನುಮಾನದಿಂದ ನೋಡತೊಡಗಿದವು. ಬೀರಮ್ಮನ ಅಣ್ಣ ಶಾಲೆಗೆ ಹೋಗಿದ್ದರಿಂದ ಅವನ ವಯಸ್ಸು ಗೊತ್ತಿತ್ತು, ಅವನಿಗಿಂತ ಎರಡು ವರ್ಷ ಚಿಕ್ಕವಳಾದ ಬೀರಮ್ಮನಿಗೆ ಅರವತ್ತೆಂಟು. ಆದರೆ ಅಣ್ಣನ ಶಾಲೆಯ ದಾಖಲೆ ತಂಗಿಗೆ ನಡೆಯುವುದಿಲ್ಲ ಎಂದು ಮೂರು ಕಚೇರಿಗಳು ಹೇಳಿದವು. ಅತ್ತೆಯನ್ನು ಆ ಮೂರೂ ಕಚೇರಿಗಳಿಗೆ ಎತ್ತಿಕೊಂಡೇ ಎಂಬಂತೆ ಕರೆದುಕೊಂಡು ಹೋಗಿ ಬಂದವಳು ನೇತ್ರಾವತಿ. ಆಗಷ್ಟೇ ಬೆಂಗಳೂರಿನಲ್ಲಿ ಆಯುರ್ಮಾನ ಪ್ರಾಧಿಕಾರ ಶುರುವಾಗಿ, ಒಂದು ಹನಿ ರಕ್ತದಿಂದ ವಯಸ್ಸು ಹೇಳುವ ಯಂತ್ರ ಬಂದಿತ್ತು. ಅದನ್ನು ಗಜನಿಪೇಟೆಗೆ ತರಿಸಲು ಅರ್ಜಿ ಬರೆದವಳೂ ಅವಳೇ. "ವಯಸ್ಸಿಗೆ ಕಾಗದ ಬೇಡ, ರಕ್ತ ಸಾಕು" ಎಂದು ಕೇಂದ್ರದ ಗೋಡೆಯ ಮೇಲೆ ಬರೆಸಿದ ಮಾತು ಕೂಡ ಅವಳದೇ.

ಯಂತ್ರ ಅಳೆಯುತ್ತಿದ್ದುದು ರಕ್ತದೊಳಗಿನ ಕೊಬ್ಬನ್ನು. ರಕ್ತದಲ್ಲಿ ಕೊಬ್ಬು ಎಂದರೆ ನಮಗೆ ಹೃದಯದ ಡಾಕ್ಟರು ಹೆದರಿಸುವ ಒಂದೆರಡು ಹೆಸರು ಗೊತ್ತು, ಆದರೆ ಅಲ್ಲಿ ಆರುನೂರಕ್ಕೂ ಹೆಚ್ಚು ಬಗೆಯಿವೆ. ಕೆಲವು ವಯಸ್ಸಾದಂತೆ ಏರುತ್ತವೆ, ಕೆಲವು ಇಳಿಯುತ್ತವೆ. ಇಳಿಯುವವುಗಳಲ್ಲಿ ಮುಖ್ಯವಾದುದು ಪ್ಲಾಸ್ಮಲೋಜೆನ್ ಎಂಬ ಕೊಬ್ಬು. ಜೀವಕೋಶಕ್ಕೆ ತುಕ್ಕು ಹಿಡಿಸಲು ಬರುವ ಹೊಡೆತವನ್ನು ಅದು ಮೊದಲು ತಾನು ತಿನ್ನುತ್ತದೆ. ನೂರು ವರ್ಷ ಗಟ್ಟಿಯಾಗಿ ಬಾಳಿದವರ ರಕ್ತದಲ್ಲಿ ಅದು ಹೆಚ್ಚು ಕಂಡಿತು. ಪ್ರಾಧಿಕಾರದವರು ಬಯಲುಸೀಮೆಯ ನಗರಗಳಲ್ಲಿ ಹದಿನಾಲ್ಕು ಸಾವಿರ ಜನರ ರಕ್ತ ತೆಗೆದು, ಇಷ್ಟು ಕೊಬ್ಬಿಗೆ ಇಷ್ಟು ವಯಸ್ಸು ಎಂದು ಒಂದು ಅಳತೆಗೋಲು ಮಾಡಿದರು. ಆ ಹದಿನಾಲ್ಕು ಸಾವಿರದಲ್ಲಿ ಹೊಳೆಸಾಲಿನವರು ಒಬ್ಬರೂ ಇರಲಿಲ್ಲ.

ಇದು ಎರಡು ವರ್ಷದ ಹಿಂದೆ ಉದ್ಘಾಟನೆಯ ದಿನವೇ ಗೊತ್ತಾಗಬೇಕಿತ್ತು. ಅಂದು ಯಂತ್ರದ ಪರೀಕ್ಷೆಗೆಂದು ಕೇಂದ್ರದ ಹನ್ನೆರಡು ಮಂದಿಯೂ ಬೆರಳು ಚುಚ್ಚಿಸಿಕೊಂಡರು. ನಲವತ್ತೊಂದರ ನೇತ್ರಾವತಿಗೆ ಇಪ್ಪತ್ತೊಂಬತ್ತು ಬಂತು. ಐವತ್ತರ ಡ್ರೈವರಿಗೆ ಮೂವತ್ತಾರು. ಎಲ್ಲರಿಗೂ ಹನ್ನೆರಡು ಹದಿನಾಲ್ಕು ವರ್ಷ ಕಡಿಮೆ. ಔಷಧ ಕೊಡುವ ವಿಘ್ನೇಶ್ವರ ಭಟ್ಟರೊಬ್ಬರಿಗೆ ಮಾತ್ರ, ಇದ್ದ ವಯಸ್ಸು ಐವತ್ತೆರಡು, ಬಂದ ವಯಸ್ಸು ಐವತ್ತಮೂರು. "ತಂಬುಳಿ ಉಂಡು ಉಂಡು ಮುದುಕರಾದ್ರಿ ಭಟ್ರೇ" ಎಂದು ಎಲ್ಲರೂ ಅವರನ್ನು ಕಾಡಿದರು. ಪೇಡೆ ತರಿಸಿ ಹಂಚಿದರು. ನಮ್ಮ ಗಾಳಿ, ನಮ್ಮ ನೀರು, ನಮ್ಮ ಮೈಗಟ್ಟು ಎಂದು ಹೆಮ್ಮೆಪಟ್ಟರು. ಪತ್ರಿಕೆಯಲ್ಲಿ "ಯೌವನದ ಪೇಟೆ" ಎಂದು ಫೋಟೊ ಸಮೇತ ಬಂತು. ಹೆಣ್ಣು ನೋಡಲು ಬಂದವರು ಹುಡುಗಿಯ ರಕ್ತವಯಸ್ಸು ಕೇಳಿ, ಹತ್ತೊಂಬತ್ತು ಎಂದರೆ ಖುಷಿಯಾಗಿ ಹೋದರು. ಹನ್ನೆರಡರಲ್ಲಿ ಹನ್ನೊಂದು ಮಂದಿಯ ವಯಸ್ಸು ತಪ್ಪು ಬಂದರೆ ಯಂತ್ರದ ತಪ್ಪು ಎನ್ನುವುದು ಯಾವ ವಿಜ್ಞಾನಕ್ಕಾದರೂ ಮೊದಲ ಪಾಠ. ತಪ್ಪು ತಮ್ಮನ್ನು ಹೊಗಳುತ್ತಿದ್ದುದರಿಂದ ಯಾರಿಗೂ ಅದು ತಪ್ಪಾಗಿ ಕಾಣಲಿಲ್ಲ, ಜೀವರಸಾಯನ ಓದಿದವಳಿಗೂ ಕಾಣಲಿಲ್ಲ.

ಬೀರಮ್ಮನ ಬೆರಳು ಚುಚ್ಚಿದ ಮರುವಾರ ಆಸ್ಪತ್ರೆಯ ಕೀಲಿನ ವಿಭಾಗದಲ್ಲಿ ನೇತ್ರಾವತಿಯ ನಗು ಇಳಿಯಿತು. ಡಾಕ್ಟರ್ ಇನಾಮದಾರ ವಿಜಯಪುರದ ಕಡೆಯವರು, ಮಾತು ಮೃದು. ಅವರು ಪರದೆ ನೋಡಿದರು, ಬೀರಮ್ಮನ ಮುಖ ನೋಡಿದರು, ಮತ್ತೆ ಪರದೆ ನೋಡಿದರು.

"ಅಮ್ಮಾರ, ನಿಮ್ಮ ರಕ್ತ ಭಾಳ ಚಲೋ ಅದ. ಇನ್ನೂ ನಲವತ್ತು ವರ್ಷ ಬಾಳ್ತೀರಿ ಅಂತ ತೋರಸ್ತದ. ನಾವು ಹಾಕೋ ಕೀಲು ಬಾಳೂದು ಹದಿನೈದು ವರ್ಷ. ಈಗ ಹಾಕಿದ್ರ ನೀವು ಕೀಲಿಗಿಂತ ಹೆಚ್ಚು ದಿನ ಇರ್ತೀರಿ. ಹದಿಮೂರು ವರ್ಷ ಬಿಟ್ಟು ಬರ್ರಿ."

"ಹದಿಮೂರು ವರ್ಷ ನಾ ಎಲ್ಲಿ ಇಡೂದು ಈ ಕಾಲ್ನ?" ಬೀರಮ್ಮ ಸೀರೆಯನ್ನು ಮೊಣಕಾಲಿನವರೆಗೆ ಸರಿಸಿದಳು. ಎರಡೂ ಕಾಲುಗಳು ಹೊರಕ್ಕೆ ಬಾಗಿ, ಮಂಡಿ ಬುಗುಟೆ ಎದ್ದಿತ್ತು. "ಒಂದ್ಸಲ ನೋಡೂದಿಲ್ವಾ ಡಾಕ್ಟ್ರೇ?"

"ನೋಡೂದೇನದರಿ, ಎಲ್ಲಾ ಇಲ್ಲೇ ಬಂದದಲ್ಲ," ಎಂದು ಡಾಕ್ಟರು ಪರದೆಯನ್ನು ತೋರಿಸಿದರು. ಅವರು ಕೆಟ್ಟವರೇನಲ್ಲ. ಅರವತ್ತರ ಕೆಳಗಿನವರ ಮಂಡಿಯನ್ನು ಮುಟ್ಟಿ ನೋಡಿದರೆ ಅದಕ್ಕೊಂದು ವಿವರಣೆ ಬರೆಯಬೇಕಿತ್ತು, ಹೊರಗೆ ಎಂಬತ್ತು ಜನ ಕಾಯುತ್ತಿದ್ದರು. ಆದರೂ ಕಣ್ಣೆದುರು ಬಿಚ್ಚಿಟ್ಟ ಕಾಲನ್ನು ನೋಡದೆ ಕೂರುವುದನ್ನು ಒಬ್ಬ ಡಾಕ್ಟರಿಗೆ ಕಲಿಸಿದ ವ್ಯವಸ್ಥೆಗೆ ಏನೆನ್ನಬೇಕು! ಅಂದು ಬಳಚು ಹೆಕ್ಕುವ ಮೂವತ್ತೊಂದು ಹೆಂಗಸರೂ ಅದೇ ಮಾತು ಕೇಳಿ ಮನೆಗೆ ಮರಳಿದರು. ತಿರಸ್ಕೃತರು ತೊಂಬತ್ತು ದಿನ ಕಳೆದ ಮೇಲೆ ಒಮ್ಮೆ ಮಾತ್ರ ಮರುಪರೀಕ್ಷೆ ಕೇಳಬಹುದು ಎಂದು ಅವರ ಚೀಟಿಯ ಹಿಂದೆ ಸಣ್ಣ ಅಕ್ಷರದಲ್ಲಿತ್ತು.

ಮಳೆ ಹಿಡಿಯಿತು. ಗಂಡ ಬೋಟಿನ ರಿಪೇರಿಗೆಂದು ಮಲ್ಪೆಯಲ್ಲಿದ್ದ. ಮನೆಯಲ್ಲಿ ಅತ್ತೆ, ಸೊಸೆ ಇಬ್ಬರೇ. ಬೀರಮ್ಮ ಗೋಡೆಗೆ ಒರಗಿ ಕುಳಿತು ಮೆಟ್ಟುಗತ್ತಿಯಲ್ಲಿ ತರಕಾರಿ ಹೆಚ್ಚುವಳು, ಬೇಸಿಗೆಯಲ್ಲಿ ಒಣಗಿಸಿಟ್ಟ ಬಳಚನ್ನು ಕಾಯಿತುರಿ ಹಾಕಿ ಸುಕ್ಕ, ಅಂದರೆ ಒಣಪಲ್ಯ, ಮಾಡುವುದು ಹೇಗೆಂದು ಸೊಸೆಗೆ ಕುಳಿತಲ್ಲಿಂದಲೇ ಹೇಳುವಳು. ಬೆಳಿಗ್ಗೆ ಗಂಜಿಗೂ ಬಳಚು, ಮಧ್ಯಾಹ್ನ ಅನ್ನಕ್ಕೂ ಬಳಚು. ಆಷಾಢ ಮುಗಿದು ಶ್ರಾವಣ ಬಂದದ್ದೇ ಬೀರಮ್ಮ ಬಳಚಿನ ಮಡಕೆಗಳನ್ನು ಸೊಸೆಯ ಕೈಯಲ್ಲಿ ಹಿತ್ತಲಿಗೆ ಸಾಗಿಸಿದಳು. ಆ ಕೇರಿಯಲ್ಲಿ ಶ್ರಾವಣದಿಂದ ಚೌತಿಯ ಗಣಪತಿ ನೀರಿಗೆ ಬೀಳುವವರೆಗೆ ಒಲೆಯ ಮೇಲೆ ಮೀನಾಗಲೀ ಚಿಪ್ಪಾಗಲೀ ಏರುವುದಿಲ್ಲ.

"ಹೊಳೆಗೂ ಸ್ವಲ್ಪ ಉಸಿರಾಡೂಕೆ ಬಿಡಬೇಕು ಮಾರಾಯ್ತಿ," ಎಂದು ಬೀರಮ್ಮ ಪ್ರತಿ ವರ್ಷ ಹೇಳುವ ಮಾತನ್ನೇ ಹೇಳಿದಳು. ಸೊಸೆ ಬದನೆಕಾಯಿ ಹುಳಿ ಬಡಿಸಿದಳು.

ಗಣಪತಿ ಮುಳುಗಿದ ಮರುದಿನಕ್ಕೆ ತೊಂಬತ್ತು ದಿನ ತುಂಬಿತು. ಮೂವತ್ತೊಂದು ಹೆಂಗಸರೂ ಬೆಳಿಗ್ಗೆ ಬಂದು ಕೇಂದ್ರದ ಬೆಂಚಿನ ಮೇಲೆ ಕುಳಿತರು. ನೇತ್ರಾವತಿ ಎಂದಿನಂತೆ ಯಂತ್ರದ ಬೀಗ ತೆಗೆದಳು. ದಿನಾ ಬೆಳಿಗ್ಗೆ ಪರದೆ ಒಂದು ಪ್ರಶ್ನೆ ಕೇಳುತ್ತದೆ: "ಈ ಯಂತ್ರ ನಿಮ್ಮ ಜನರ ವಯಸ್ಸನ್ನು ಸರಿಯಾಗಿ ಅಳೆಯುತ್ತಿದೆಯೇ?" ಬೆಂಗಳೂರಿನಿಂದ ಬಂದ ಮಾದರಿ ದ್ರವವನ್ನು ಓಡಿಸಿ, ಅಂಕಿ ಸರಿಬಂದರೆ, ಮುಖ್ಯಸ್ಥರು ಹೆಬ್ಬೆಟ್ಟಿಟ್ಟು "ಹೌದು" ಎನ್ನಬೇಕು. ಆಮೇಲೆ ಮಾತ್ರ ಯಂತ್ರ ತೆರೆಯುತ್ತದೆ. ಎರಡು ವರ್ಷದಲ್ಲಿ ಅವಳು ಒಂದು ದಿನವೂ ಆ ಪ್ರಶ್ನೆಯನ್ನು ಪೂರ್ತಿ ಓದಿರಲಿಲ್ಲ. ಅಂದೂ ಹೆಬ್ಬೆಟ್ಟಿಟ್ಟು ಕೆಲಸ ಶುರುಮಾಡಿದಳು.

ಮೊದಲ ಹನಿ ಬೀರಮ್ಮನದು. ಎಪ್ಪತ್ತು.

ನೇತ್ರಾವತಿ ಮತ್ತೊಂದು ಹನಿ ತೆಗೆದಳು. ಎಪ್ಪತ್ತು. ಎರಡನೆಯವಳಿಗೆ ಹಿಂದೆ ನಲವತ್ತೈದು ಬಂದಿತ್ತು, ಈಗ ಅರವತ್ತಾರು. ಮೂರನೆಯವಳು ಐವತ್ತರಿಂದ ಎಪ್ಪತ್ತೊಂದಕ್ಕೆ ಏರಿದ್ದಳು. ಮಧ್ಯಾಹ್ನದ ಹೊತ್ತಿಗೆ ಮೂವತ್ತೊಂದೂ ಮುಗಿದವು. ಮೂರು ತಿಂಗಳಲ್ಲಿ ಆ ಕೇರಿಯ ಹೆಂಗಸರೆಲ್ಲ ಇಪ್ಪತ್ತು ಇಪ್ಪತ್ತಮೂರು ವರ್ಷ ಮುದುಕಿಯರಾಗಿದ್ದರು.

ಅವಳು ಅಂಕಿಗಳ ಒಳಗೆ ಇಳಿದಳು. ಆರುನೂರು ಕೊಬ್ಬುಗಳಲ್ಲಿ ಹೆಚ್ಚಿನವು ಇದ್ದಲ್ಲೇ ಇದ್ದವು. ಪ್ಲಾಸ್ಮಲೋಜೆನ್ ಒಂದು ದಡಕ್ಕನೆ ಬಿದ್ದಿತ್ತು, ಅಳತೆಗೋಲು ಹೆಚ್ಚು ತೂಕ ಕೊಟ್ಟಿದ್ದುದೂ ಅದಕ್ಕೇ. ಆಗ ವಿಘ್ನೇಶ್ವರ ಭಟ್ಟರು ಬಾಗಿಲಲ್ಲಿ ನಿಂತು, "ಎಂತ ಮೇಡಂ, ಮುಖ ಬಾಡಿದೆಯಲ್ಲ?" ಎಂದು ಕೇಳಿದರು. ಅವಳು ಪರದೆ ತೋರಿಸಿದಳು. ಭಟ್ಟರು ಸ್ವಲ್ಪ ಹೊತ್ತು ನೋಡಿ, "ಇವರೆಲ್ಲ ಈಗ ನಲವತ್ತು ದಿನದಿಂದ ನಮ್ಮ ಮನೆ ಊಟ ಮಾಡ್ತಾ ಇದ್ದಾರೆ, ಅಷ್ಟೇ ಅಲ್ವಾ?" ಎಂದರು.

ಒಣಗಿಸಿಟ್ಟ ಬಳಚಿನ ಒಂದು ಚೂರನ್ನು ನೇತ್ರಾವತಿ ಅರೆದು ಯಂತ್ರಕ್ಕೆ ಕೊಟ್ಟಳು. ಅದರ ತುಂಬ ಅದೇ ಕೊಬ್ಬು. ಯಂತ್ರ ಇಷ್ಟು ದಿನ ಊಟವನ್ನು ಅಳೆದು ಆಯುಸ್ಸು ಎಂದು ಬರೆದಿತ್ತು. ಯಂತ್ರ ಸುಳ್ಳು ಹೇಳಿರಲಿಲ್ಲ, ಕೊಬ್ಬಿನ ಲೆಕ್ಕ ಸರಿಯಾಗಿಯೇ ಇತ್ತು. ಆ ಕೊಬ್ಬಿಗೆ ವಯಸ್ಸು ಎಂದು ಹೆಸರಿಟ್ಟವರು, ಹೆಸರಿಟ್ಟದ್ದಕ್ಕೆ ದಿನಾ ಹೆಬ್ಬೆಟ್ಟೊತ್ತಿದವರು ಸುಳ್ಳು ಹೇಳಿದ್ದರು. ಅವಳಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು, ಆಮೇಲೆ ಸಿಟ್ಟು ಬಂತು.

ಎರಡೂ ಓದುಗಳನ್ನು, ಮೂವತ್ತೊಂದು ಹೆಂಗಸರ ಕೀಲಿನ ಅರ್ಜಿಗಳ ಜೊತೆ, ಅವಳು ಪ್ರಾಧಿಕಾರಕ್ಕೆ ಕಳಿಸಿದಳು. ಮೂರನೆಯ ದಿನ ನಿರ್ದೇಶಕ ಡಾಕ್ಟರ್ ಶಿವಸ್ವಾಮಿ ಪರದೆಯ ಮೇಲೆ ಬಂದರು.

"ನೋಡಿಮ್ಮಾ, ಎರಡು ಓದು ಬಂದಾಗ ಕಡಿಮೆ ಇರೋದನ್ನೇ ತಗೊಳ್ಳಿ. ಉಪವಾಸ ಇದ್ದವರ ರಕ್ತ ಏರುಪೇರಾಗಿರತ್ತೆ."

"ಉಪವಾಸ ಅಲ್ಲ ಸರ್. ಅನ್ನ, ಸಾರು, ಪಲ್ಯ ಉಂಡಿದ್ದಾರೆ. ನೀವು ದಿನಾ ಮಾಡುವ ಊಟ."

"ಹಾಗಾದ್ರೆ ಬಳಚು ತಿನ್ನೋಕೆ ಹೇಳಿ, ಮತ್ತೆ ನಲವತ್ತೇಳಾಗ್ತಾರೆ," ಎಂದು ಅವರು ಉತ್ಸಾಹದಿಂದ ಮುಂದೆ ಬಾಗಿದರು. "ನಿಮಗೆ ಏನು ಸಿಕ್ಕಿದೆ ಅಂತ ಗೊತ್ತಾ? ಇಪ್ಪತ್ತು ವರ್ಷ ಕಡಿಮೆ ಮಾಡೋ ಆಹಾರ! ಇದರ ಮಾತ್ರೆ ಮಾಡಿಸೋಣ. ಪ್ರಬಂಧ ಬರೀರಿ, ನಿಮ್ಮ ಹೆಸರೇ ಮೊದಲು ಹಾಕ್ತೀನಿ."

"ಅವರ ಮೊಣಕಾಲು, ಸರ್?"

"ಯಾವ ಮೊಣಕಾಲು?"

ನೇತ್ರಾವತಿ ಕುರ್ಚಿಯನ್ನು ಪರದೆಯ ಹತ್ತಿರ ಎಳೆದುಕೊಂಡಳು. ಈ ಮನುಷ್ಯನಿಗೆ ಕಳಿಸಿದ ಮೂವತ್ತೊಂದು ಅರ್ಜಿಗಳ ತಲೆಬರಹದಲ್ಲೇ ಮೊಣಕಾಲು ಎಂದಿತ್ತು.

"ಬಳಚು ತಿಂದದ್ದರಿಂದ ಅವರ ಹೃದಯಕ್ಕೆ, ಮಿದುಳಿಗೆ ಒಳ್ಳೆಯದೇ ಆಗಿರಬಹುದು, ನನಗೆ ಗೊತ್ತಿಲ್ಲ. ಆದರೆ ಮೊಣಕಾಲಿನ ಮೃದು ಎಲುಬಿಗೆ ರಕ್ತನಾಳವೇ ಇಲ್ಲ. ನೀವೂ ಮೊದಲ ವರ್ಷದಲ್ಲೇ ಓದಿರ್ತೀರಿ. ರಕ್ತ ಹರಿಯದ ಜಾಗದ ವಯಸ್ಸನ್ನು ರಕ್ತ ಹೇಗೆ ಸರ್ ಹೇಳುತ್ತೆ?"

"ಅದು ತಾಂತ್ರಿಕ ವಿಷಯ," ಎಂದರು ಶಿವಸ್ವಾಮಿ. "ರಾಜ್ಯಕ್ಕೆಲ್ಲ ಒಂದೇ ಅಳತೆ ಇರಬೇಕಮ್ಮ. ಒಂದು ಹೊಳೆಗೆ ಒಂದು ಅಳತೆ ಮಾಡೋಕಾಗಲ್ಲ."

"ನಿಮ್ಮ ರಕ್ತವಯಸ್ಸು ಎಷ್ಟು ಸರ್?"

ಅವರು ನಕ್ಕರು. "ನಾವು ಯಾಕಮ್ಮ ಮಾಡಿಸ್ಕೊಳ್ಳಬೇಕು? ನಮಗೆ ಜನನ ಪತ್ರ ಇದೆಯಲ್ಲ."

ಸಂಜೆ ಮನೆಗೆ ಬಂದು ಅವಳು ಎಲ್ಲವನ್ನೂ ಅತ್ತೆಗೆ ಹೇಳಿದಳು. ಯಂತ್ರ ತರಿಸಿದ್ದು ತಾನು, ಗೋಡೆಯ ಮೇಲೆ ಬರೆಸಿದ್ದು ತಾನು, ಇಪ್ಪತ್ತೊಂಬತ್ತು ಬಂದಾಗ ಪೇಡೆ ಹಂಚಿದ್ದು ತಾನು ಎಂದು ಒಂದೊಂದನ್ನೇ ಒಪ್ಪಿಕೊಂಡಳು. ಬೀರಮ್ಮ ಕಾಲು ನೀಡಿ ಕುಳಿತು ಕೇಳಿಸಿಕೊಂಡಳು.

"ನನ್ನ ಕಾಲು ನಿನ್ನ ಯಂತ್ರ ಮುರಿದದ್ದಲ್ಲ," ಎಂದಳು ಕೊನೆಗೆ. "ಹೊಳೆ ಮುರಿದದ್ದು. ಹೊಳೆ ಮುರೀತು, ಹೊಳೆಯೇ ಉಣ್ಣೂಕೆ ಕೊಡ್ತು. ಉಣ್ಣೂಕೆ ಕೊಟ್ಟದ್ದನ್ನ ಹಿಡ್ಕಂಡು ನನ್ನ ಕಾಲೇ ಸುಳ್ಳು ಅಂತಾರಲ್ಲ, ಅದಕ್ಕೆ ಸಿಟ್ಟು ಬತ್ತದೆ ನಂಗೆ. ಬಳಚು ಬಿಡು ಅಂದ್ರೆ ಬಿಡ್ತಿದ್ದೆ. ಕಾಲು ನೋಡಿ ಅಂದ್ರೆ ನೋಡೂದಿಲ್ಲ ಅವ್ರು."

ಮರುದಿನ ಬೆಳಿಗ್ಗೆ ನೇತ್ರಾವತಿ ಯಂತ್ರದ ಬೀಗ ತೆಗೆದು, ಮಾದರಿ ದ್ರವ ಓಡಿಸಿದಳು. ಅಂಕಿ ಸರಿಯಾಗಿ ಬಂತು. ಪರದೆ ಪ್ರಶ್ನೆ ಕೇಳಿತು. ಈ ಸಲ ಅವಳು ಕೊನೆಯ ಅಕ್ಷರದವರೆಗೆ ಓದಿದಳು: ಈ ಯಂತ್ರ ನಿಮ್ಮ ಜನರ ವಯಸ್ಸನ್ನು ಸರಿಯಾಗಿ ಅಳೆಯುತ್ತಿದೆಯೇ? ಪ್ರಶ್ನೆ ಬರೆದವರು ಯಾರೋ ತಿಳಿದೇ ಬರೆದಿದ್ದರು. ಅವಳು ಹೆಬ್ಬೆಟ್ಟನ್ನು "ಇಲ್ಲ" ಎಂಬಲ್ಲಿ ಇಟ್ಟಳು.

ಕಾರಣ ಬರೆಯಲು ಎರಡು ಸಾಲಿನ ಜಾಗ ತೆರೆಯಿತು. ಅವಳು ಬರೆದಳು: "ಇದು ಕೊಬ್ಬನ್ನು ಸರಿಯಾಗಿ ಅಳೆಯುತ್ತದೆ, ವಯಸ್ಸನ್ನಲ್ಲ. ಎರಡು ವರ್ಷ ಹೌದು ಎಂದು ಒತ್ತಿದ ತಪ್ಪು ನನ್ನದು."

ಯಂತ್ರ ಮುಚ್ಚಿಕೊಂಡಿತು. ಮುಖ್ಯಸ್ಥರು ಇಲ್ಲ ಎಂದರೆ ಬೆಂಗಳೂರಿನವರು ಬಂದು ಬಿಚ್ಚಿ ನೋಡುವವರೆಗೆ ಅದು ತೆರೆಯುವಂತಿಲ್ಲ, ಅದು ಕೊಟ್ಟ ಅಂಕಿಗಳೂ ನಡೆಯುವಂತಿಲ್ಲ. ಯಂತ್ರ ಮುಚ್ಚಿದ ಊರಿನಲ್ಲಿ ಏನು ಮಾಡಬೇಕು ಎಂಬುದಕ್ಕೂ ನಿಯಮವಿತ್ತು, ಯಾರೂ ಬಳಸದೆ ಬಿದ್ದಿತ್ತು: ಅಂಥ ಕಡೆ ವೈದ್ಯರು ರೋಗಿಯನ್ನು ಸ್ವತಃ ಪರೀಕ್ಷಿಸಿ ತೀರ್ಮಾನಿಸತಕ್ಕದ್ದು. ನೇತ್ರಾವತಿ ಆ ಪುಟವನ್ನು ಮೂವತ್ತೊಂದು ಪ್ರತಿ ತೆಗೆದು, ಉತ್ತರ ಕೇಳಲು ಬಂದು ಬೆಂಚಿನ ಮೇಲೆ ಕುಳಿತಿದ್ದ ಹೆಂಗಸರ ಕೈಗೆ ಕೊಟ್ಟಳು. ಗೋಡೆಯ ಮೇಲಿನ ತನ್ನ ಮಾತಿಗೆ ಸುಣ್ಣ ಬಳಿಸಿದಳು. ಮಧ್ಯಾಹ್ನ ಫೋನು ಬಡಿದುಕೊಂಡಿತು. ಕರ್ತವ್ಯಲೋಪದ ಮೇಲೆ ಅಮಾನತು, ಕಾಗದ ನಾಳೆ ಬರುತ್ತದೆ ಎಂದು ಶಿವಸ್ವಾಮಿಯವರ ಕಚೇರಿಯವರು ಹೇಳಿದರು. ನಿಜವಾದ ಕರ್ತವ್ಯಲೋಪ ನಡೆದ ಎರಡು ವರ್ಷ ಅವಳಿಗೆ ಉತ್ತಮ ಕೇಂದ್ರದ ಪ್ರಶಸ್ತಿ ಬಂದಿತ್ತು.

ಎರಡು ದಿನ ಬಿಟ್ಟು, ಕೆಲಸವಿಲ್ಲದ ಸೊಸೆ ಅತ್ತೆಯನ್ನು ಹಿಡಿದುಕೊಂಡು ಮತ್ತೆ ಕೀಲಿನ ವಿಭಾಗಕ್ಕೆ ಹೋದಳು. ಉಳಿದ ಮೂವತ್ತು ಹೆಂಗಸರು ಹಿಂದೆಯೇ ಬಂದು ಹೊರಗಿನ ಬೆಂಚು ತುಂಬಿದರು. ಡಾಕ್ಟರ್ ಇನಾಮದಾರರ ಮೇಜಿನ ಪರದೆಯಲ್ಲಿ ಬೀರಮ್ಮನ ಹೆಸರಿನ ಮುಂದೆ ಖಾಲಿ ಚೌಕವಿತ್ತು. ಅವರು ಅದನ್ನು ನೋಡಿದರು. ನಿಯಮದ ಪುಟವನ್ನು ಎರಡು ಸಲ ಓದಿದರು. ಆಮೇಲೆ ಕುರ್ಚಿ ಹಿಂದಕ್ಕೆ ಸರಿಸಿ ಎದ್ದು, ಮೇಜನ್ನು ಸುತ್ತಿ ಬಂದು ಬೀರಮ್ಮನ ಮುಂದೆ ನೆಲದ ಮೇಲೆ ಕುಳಿತರು.

ಒಂದು ಕೈಯನ್ನು ಮಂಡಿಯ ಮೇಲಿಟ್ಟು ಇನ್ನೊಂದು ಕೈಯಿಂದ ಕಾಲನ್ನು ಮೆಲ್ಲಗೆ ಮಡಚಿದರು. ಒಳಗೆ ಎಲುಬಿಗೆ ಎಲುಬು ಕರಕರ ಉಜ್ಜಿದ ಸದ್ದು ಬಾಗಿಲ ಹೊರಗಿನವರೆಗೆ ಕೇಳಿಸಿತು. ಡಾಕ್ಟರು ಕೈ ತೆಗೆಯಲಿಲ್ಲ. ಅವರ ಮುಖ ಕೆಂಪಾಗಿತ್ತು.

"ಎಷ್ಟು ವರ್ಷ ಆತ್ರಿ ಅಮ್ಮಾರ, ಹಿಂಗಾಗಿ?"

"ಹನ್ನೊಂದು," ಎಂದಳು ಬೀರಮ್ಮ. ಅವಳ ಕಣ್ಣು ತುಂಬಿತ್ತು, ಆದರೆ ದನಿಯಲ್ಲಿ ಸಿಟ್ಟಿತ್ತು. "ಹೋದ ಸಲವೂ ಇದೇ ಕಾಲು ತಂದಿದ್ದೆ."

ಡಾಕ್ಟರು ತಲೆ ತಗ್ಗಿಸಿದರು. ಎದ್ದು ಹೋಗಿ ಮೇಜಿನ ಒಳಗಿಂದ ಕಾಗದದ ಅರ್ಜಿಯೊಂದನ್ನು ಹುಡುಕಿ ತೆಗೆದರು, ಪೆನ್ನನ್ನೂ ಹುಡುಕಬೇಕಾಯಿತು. ಹೆಸರು ಬರೆದುಕೊಂಡರು. ಆಮೇಲೆ ಪರದೆಯ ಕಡೆ ಹೊರಳಿದ ತಲೆಯನ್ನು ಈಚೆಗೆ ತಿರುಗಿಸಿ, ಬೀರಮ್ಮನನ್ನೇ ನೋಡಿ ಕೇಳಿದರು.

"ವಯಸ್ಸು?"

"ಅರವತ್ತೆಂಟು."

ಅವರು ಅರವತ್ತೆಂಟು ಎಂದು ಬರೆದರು.